ಹೋಂವರ್ಕಿಗೆ ನೆರವು: ಕೊಪ್ಪಳದ ನಮ್ಮ ಸಂಜೆ ಓದಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕೊಪ್ಪಳದ ಒಂದು ಓಣಿಯ ಪಡಸಾಲೆಯಲ್ಲಿ ಸಂಜೆ ಆರೂವರೆಯಿಂದ ಎಂಟೂವರೆವರೆಗೆ ಮಕ್ಕಳ ಜೊತೆ ನಾವು ನಾಲ್ಕು ಮಂದಿ ಕೂರುತ್ತೇವೆ. ಚರಿತ್ರೆ, ಕನ್ನಡ, ಗಣಿತ ಈ ಮೂರರ ಹೋಂವರ್ಕಿಗೆ ನೆರವಾಗುತ್ತೇವೆ. ತಂದೆತಾಯಿಗಳು ಬಾಗಿಲಲ್ಲಿ ನಿಂತು ಕೇಳುವ ಪ್ರಶ್ನೆಗಳನ್ನೂ ಮಕ್ಕಳು ಪಾಟಿಚೀಲ ಇಳಿಸುವ ಮೊದಲೇ ಎಸೆಯುವ ಪ್ರಶ್ನೆಗಳನ್ನೂ ಇಲ್ಲಿ ಬರೆದಿದ್ದೇವೆ. ರಾಯಚೂರು, ಬಳ್ಳಾರಿ ಕಡೆ ಇಂಥದ್ದೇ ಕೆಲಸ ಮಾಡುವವರಿಗೂ ಉಪಯೋಗವಾದೀತು.

ಇದು ಟ್ಯೂಷನ್ನೇ? ಫೀ ಎಷ್ಟು?

ಟ್ಯೂಷನ್ ಅಲ್ಲ, ಫೀ ಇಲ್ಲ. ಸಾಲಿಯಲ್ಲಿ ಮಾಸ್ತರು, ಅಕ್ಕೋರು ಕಲಿಸಿದ್ದನ್ನು ನಾವು ಮತ್ತೆ ಮೊದಲಿಂದ ಕಲಿಸುವುದಿಲ್ಲ. ಹೋಂವರ್ಕಿನಲ್ಲಿ ಎಲ್ಲಿ ಸಿಕ್ಕಿಕೊಂಡಿದೆಯೋ ಅಲ್ಲಿಂದ ಶುರು.

ಯಾವ ತರಗತಿಯವರು ಬರಬಹುದು?

ಐದರಿಂದ ಹತ್ತರವರೆಗೆ. ತಮ್ಮನನ್ನೋ ತಂಗಿಯನ್ನೋ ನೋಡಿಕೊಳ್ಳಬೇಕಾದ ಮಕ್ಕಳು ಅವರನ್ನೂ ಕರೆತರಲಿ. ಮೂಲೆಯಲ್ಲಿ ಒಂದು ಚಾಪೆ, ಸ್ಲೇಟು, ಸೀಮೆಸುಣ್ಣ ಇಟ್ಟಿದ್ದೇವೆ.

ನೀವು ಉತ್ತರ ಬರೆದುಕೊಡುವುದಿಲ್ಲವಂತೆ. ಹಾಗಾದರೆ ಬಂದು ಏನು ಪ್ರಯೋಜನ?

ಮೊದಲ ವರ್ಷ ನಾವು ಬರೆದುಕೊಡುತ್ತಿದ್ದೆವು. ಪ್ರಬಂಧದ ಮೊದಲ ಸಾಲು, ಲೆಕ್ಕದ ಮಧ್ಯದ ಎರಡು ಹಂತ, ಕವಿ ಪರಿಚಯ ಎಲ್ಲ ಹೇಳಿ ಬರೆಸುತ್ತಿದ್ದೆವು. ಮಕ್ಕಳಿಗೂ ಖುಷಿ, ನಮಗೂ ಬೇಗ ಮುಗಿಯುತ್ತಿತ್ತು. ಅರ್ಧವಾರ್ಷಿಕ ಪರೀಕ್ಷೆಯ ಉತ್ತರ ಪತ್ರಿಕೆಗಳನ್ನು ಮಕ್ಕಳು ತಂದು ತೋರಿಸಿದಾಗ ಗೊತ್ತಾಯಿತು, ನೋಟ್‌ಬುಕ್ಕಿನಲ್ಲಿ ಚೆಂದಾಗಿ ಕೂತಿದ್ದ ಅದೇ ಉತ್ತರ ಅಲ್ಲಿ ಒಂದೂವರೆ ಸಾಲಿಗೆ ನಿಂತುಹೋಗಿತ್ತು. ತಪ್ಪು ನಮ್ಮದೇ.

ಈಗ ಮಗು ಬಂದರೆ ಮೊದಲು ಪ್ರಶ್ನೆಯನ್ನು ಗಟ್ಟಿಯಾಗಿ ಓದಿಸುತ್ತೇವೆ. ಆಮೇಲೆ ‘ನಿನಗೆ ಎಲ್ಲೀತನಕ ಬಂತು?’ ಅಂತ ಕೇಳುತ್ತೇವೆ. ‘ಏನೂ ಬರವಲ್ದು ರೀ’ ಅನ್ನುವ ಮಗುವಿಗೂ ಏನೋ ಬಂದಿರುತ್ತದೆ. ಪ್ರಶ್ನೆಯಲ್ಲಿರುವ ಒಂದು ಪದ ಗೊತ್ತಿರುತ್ತದೆ, ಒಂದು ಹೆಸರು ಕೇಳಿರುತ್ತದೆ. ಅಲ್ಲಿಂದ ಎಳೆದುಕೊಂಡು ಹೋದರೆ ಮುಕ್ಕಾಲು ಪಾಲು ಉತ್ತರ ಮಗುವಿನ ಬಾಯಿಂದಲೇ ಬರುತ್ತದೆ. ಹೊತ್ತು ಹಿಡಿಯುತ್ತದೆ, ನಿಜ. ಒಂದೊಂದು ಸಂಜೆ ಎರಡೇ ಪ್ರಶ್ನೆ ಮುಗಿಯುತ್ತವೆ. ಉಳಿದದ್ದನ್ನು ‘ಇಷ್ಟು ಬರಲಿಲ್ಲ’ ಎಂದು ಬರೆದುಕೊಂಡು ಸಾಲಿಗೆ ಹೋಗು ಅನ್ನುತ್ತೇವೆ. ಬರದಿದ್ದದ್ದನ್ನು ಬರದು ಅಂತ ಬರೆಯುವುದಕ್ಕೆ ಧೈರ್ಯ ಬೇಕು. ಆ ಧೈರ್ಯ ಬಂದ ಮಗು ಬೇಗ ಕಲಿಯುವುದನ್ನು ಕಂಡಿದ್ದೇವೆ.

ಚರಿತ್ರೆಯಲ್ಲಿ ಇಸವಿಗಳು ನೆನಪಿರುವುದಿಲ್ಲ. ಬಾಯಿಪಾಠವೊಂದೇ ದಾರಿಯೇ?

ಒಬ್ಬ ಹುಡುಗಿ ಗೈಡ್ ನೋಡಿ ‘ಮಸ್ಕಿ ಶಾಸನದ ಮಹತ್ವ’ ಅಂತ ಐದು ಸಾಲು ಬರೆದುಕೊಂಡು ಬಂದಿದ್ದಳು. ಮಸ್ಕಿ ಎಲ್ಲಿದೆ ಅಂತ ಕೇಳಿದರೆ ಸುಮ್ಮನಾದಳು. ಅವಳ ಸೋದರಮಾವನ ಊರು ಮಸ್ಕಿ ಹತ್ತಿರವೇ! ರಜೆಗೆ ಅಲ್ಲಿಗೇ ಹೋಗುತ್ತಾಳೆ. ಪುಸ್ತಕದ ಮಸ್ಕಿಯೂ ಮಾವನ ಊರಿನ ಬಸ್ಸು ನಿಲ್ಲುವ ಮಸ್ಕಿಯೂ ಒಂದೇ ಅಂತ ಅವಳಿಗೆ ಯಾರೂ ಹೇಳಿರಲಿಲ್ಲ.

ಅಂದು ಇಡೀ ಸಂಜೆ ಮಸ್ಕಿಯದೇ ಮಾತಾಯಿತು. 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್ ಆ ಗುಡ್ಡದಲ್ಲಿ ಬ್ರಾಹ್ಮಿ ಅಕ್ಷರಗಳನ್ನು ಕಂಡ. ಅದಕ್ಕೂ ಮೊದಲು ಸಿಕ್ಕಿದ್ದ ಶಾಸನಗಳಲ್ಲಿ ರಾಜನ ಹೆಸರು ‘ದೇವಾನಂಪ್ರಿಯ’, ‘ಪ್ರಿಯದರ್ಶಿ’ ಎಂದಷ್ಟೇ ಇತ್ತು. ಅವನು ಅಶೋಕನೇ ಇರಬೇಕು ಅಂತ ವಿದ್ವಾಂಸರು ಸಿಂಹಳದ ಗ್ರಂಥಗಳ ಆಧಾರದಿಂದ ಹೇಳುತ್ತಿದ್ದರು. ಮಸ್ಕಿಯ ಕಲ್ಲಿನ ಮೇಲೆ ‘ಅಶೋಕ’ ಎಂಬ ಹೆಸರೇ ಇತ್ತು. ಊಹೆಗೆ ಸಾಕ್ಷಿ ಸಿಕ್ಕಿತು. ಮುಂದೆ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳದಲ್ಲೂ ಆ ಹೆಸರಿರುವ ಶಾಸನಗಳು ಸಿಕ್ಕವು. ಕೊಪ್ಪಳದಲ್ಲೇ ಗವಿಮಠದ ಬೆಟ್ಟದ ಮೇಲೆ ಒಂದು, ಪಾಲ್ಕಿಗುಂಡಿನಲ್ಲಿ ಒಂದು ಅಶೋಕನ ಶಾಸನ ಇವೆ. ಗವಿಮಠದ ಜಾತ್ರೆಗೆ ವರ್ಷವೂ ಹೋಗುವ ಮಕ್ಕಳು ಆ ಬಂಡೆಯನ್ನು ನೋಡಿರುವುದಿಲ್ಲ. ಒಂದು ಭಾನುವಾರ ಕರೆದುಕೊಂಡು ಹೋದೆವು. ಹತ್ತಿ ನಿಂತು ಒಬ್ಬ ಹುಡುಗ ಕೇಳಿದ: ‘ಇದು ಕನ್ನಡ ಅಲ್ಲಲ್ಲ ರೀ, ನಮ್ಮೂರಾಗ ಯಾಕ ಕೆತ್ತಿದ್ರು?’ ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ ಎಂಬ ಎರಡು ಅಂಕದ ಉತ್ತರ ಅವನಿಗೆ ಇನ್ನು ಮರೆಯುವುದಿಲ್ಲ.

ಇಸವಿಗಳಿಗೂ ಹಾಗೇ ಒಂದು ಗೂಟ ಬೇಕು. ನಾವು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಉದ್ದ ಗೆರೆ ಎಳೆದಿದ್ದೇವೆ. ಅದರ ಮೇಲೆ ನಮ್ಮ ಊರುಗಳ ಇಸವಿಗಳನ್ನೇ ಮೊದಲು ಕಟ್ಟುತ್ತೇವೆ. 1112, ಇಟಗಿಯ ಮಹಾದೇವ ದೇವಾಲಯ. ಅದನ್ನು ಕಟ್ಟಿಸಿದವನು ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ, ಶಾಸನ ಅದನ್ನು ‘ದೇವಾಲಯ ಚಕ್ರವರ್ತಿ’ ಎಂದು ಕರೆದಿದೆ. 1294, ರಾಯಚೂರು ಕೋಟೆ. 1336, ವಿಜಯನಗರ. 1520, ರಾಯಚೂರು ಯುದ್ಧ. 1565, ತಾಳೀಕೋಟೆ. 1858, ಕೊಪ್ಪಳದ ಕೋಟೆಯಲ್ಲಿ ಮುಂಡರಗಿ ಭೀಮರಾಯ ಬ್ರಿಟಿಷರೊಂದಿಗೆ ಹೋರಾಡಿ ಮಡಿದದ್ದು. ಇವು ಕೂತ ಮೇಲೆ ಪಾಣಿಪತ್, ಪ್ಲಾಸಿ ಎಲ್ಲ ಇವುಗಳ ನಡುವೆ ಎಲ್ಲಿ ಬರುತ್ತವೆ ಅಂತ ಮಗುವೇ ತೋರಿಸುತ್ತದೆ. 1526ರ ಮೊದಲ ಪಾಣಿಪತ್ ಯುದ್ಧ ‘ನಮ್ಮ ರಾಯಚೂರು ಯುದ್ಧ ಆಗಿ ಆರು ವರ್ಷಕ್ಕ’ ಅಂತ ಒಬ್ಬ ಹೇಳಿದ ದಿನ ನಮಗೆ ಬಹಳ ಸಂತೋಷವಾಯಿತು.

‘1947ರಲ್ಲಿ ನಮಗೆ ಸ್ವಾತಂತ್ರ್ಯ ಬರಲೇ ಇಲ್ಲ’ ಅಂತ ತಾತ ಹೇಳುತ್ತಾರೆ. ಪುಸ್ತಕ ಸರಿಯೋ ತಾತ ಸರಿಯೋ?

ಇಬ್ಬರೂ ಸರಿ. ಹೋಂವರ್ಕಿನಲ್ಲಿ ನಮಗೆ ಅತ್ಯಂತ ಪ್ರಿಯವಾದ ಪ್ರಶ್ನೆ ಇದು.

1947ರ ಆಗಸ್ಟ್ 15ರಂದು ರಾಯಚೂರು, ಕೊಪ್ಪಳ ಎರಡೂ ಹೈದರಾಬಾದ್ ನಿಜಾಮನ ಸಂಸ್ಥಾನದಲ್ಲಿದ್ದವು. ಕೊಪ್ಪಳವಂತೂ ಅದರೊಳಗೆ ಸಾಲಾರ್ ಜಂಗ್ ಮನೆತನದ ಜಹಗೀರಾಗಿತ್ತು. ನಿಜಾಮ ಭಾರತಕ್ಕೆ ಸೇರಲು ಒಪ್ಪಲಿಲ್ಲ. 1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಒಳಬಂತು, 17ರಂದು ನಿಜಾಮ ಶರಣಾದ. ಅದಕ್ಕೇ ನಮ್ಮ ಸಾಲಿಗಳಲ್ಲಿ ಆಗಸ್ಟ್ 15ಕ್ಕೆ ಒಮ್ಮೆ, ಸೆಪ್ಟೆಂಬರ್ 17ಕ್ಕೆ ಇನ್ನೊಮ್ಮೆ ಧ್ವಜ ಏರುತ್ತದೆ. ಬೆಂಗಳೂರಿನ ಕಡೆಯಿಂದ ವರ್ಗವಾಗಿ ಬಂದವರ ಮಕ್ಕಳಿಗೆ ಇದು ಹೊಸದು.

ಬಳ್ಳಾರಿಯ ಕಥೆ ಬೇರೆ. 1800ರಲ್ಲಿ ನಿಜಾಮ ಅದನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಮುಂದೆ ಅದು ಮದ್ರಾಸ್ ಪ್ರಾಂತ್ಯದ ಜಿಲ್ಲೆಯಾಗಿಯೇ ಉಳಿಯಿತು. ಹಾಗಾಗಿ ಬಳ್ಳಾರಿಯ ಅಜ್ಜನಿಗೆ 1947ರಲ್ಲೇ ಸ್ವಾತಂತ್ರ್ಯ. ಅವರು ಕಾದದ್ದು ಬೇರೊಂದಕ್ಕೆ: 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಮೈಸೂರಿಗೆ ಸೇರಿತು. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆ ಕಡೆ ಹೋದವು. ಮೂರು ವರ್ಷಕ್ಕೆ, 1956ರ ನವೆಂಬರ್ 1ರಂದು, ರಾಯಚೂರು ಜಿಲ್ಲೆಯೂ ಬಂದು ಸೇರಿತು. ಕೊಪ್ಪಳ ಆಗ ರಾಯಚೂರಿನದೇ ಭಾಗ, ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ತುಂಗಭದ್ರೆಯ ಈ ದಡ ನಿಜಾಮನದು, ಆ ದಡ ಬ್ರಿಟಿಷರದು. ಹೊಳೆ ದಾಟಿದರೆ ಆಡಳಿತ, ಕಾನೂನು, ದುಡ್ಡು ಎಲ್ಲವೂ ಬೇರೆ. ಎರಡೂ ದಡದ ಮನೆಗಳಲ್ಲಿ ಮಾತು ಮಾತ್ರ ಒಂದೇ ಕನ್ನಡ. ಏಕೀಕರಣ ಯಾಕೆ ಬೇಕಾಯಿತು ಎಂಬ ಪ್ರಶ್ನೆಗೆ ಇದನ್ನು ಅರ್ಥ ಮಾಡಿಕೊಂಡ ಮಗು ತನ್ನದೇ ಮಾತಿನಲ್ಲಿ ಒಂದು ಪುಟ ಬರೆಯುತ್ತದೆ.

ತಾತನ ಹತ್ತಿರ ಕೂತು ಕೇಳಿ ಬರೆದುಕೊಂಡು ಬನ್ನಿ ಅಂತ ಮಕ್ಕಳಿಗೆ ಹೇಳುತ್ತೇವೆ. ಕೇಳುವಾಗ ಎರಡು ವಿಷಯ ಗಮನದಲ್ಲಿರಲಿ: ಅವರು ಕಣ್ಣಾರೆ ಕಂಡದ್ದು ಯಾವುದು, ಅವರ ಅಪ್ಪ ಹೇಳಿದ್ದು ಯಾವುದು. ಎರಡನ್ನೂ ಬರೆಯಿರಿ, ಬೇರೆ ಬೇರೆಯಾಗಿ ಬರೆಯಿರಿ.

ಹಂಪಿ ಯಾವ ಜಿಲ್ಲೆ? ಅಕ್ಕನ ಹಳೇ ಪುಸ್ತಕದಲ್ಲಿ ಬಳ್ಳಾರಿ ಅಂತಿದೆ.

2021ರಿಂದ ವಿಜಯನಗರ ಜಿಲ್ಲೆ. ಹಳೇ ಪುಸ್ತಕ ಅಚ್ಚಾದಾಗ ಅದೂ ಸರಿಯೇ ಇತ್ತು.

ಹಿರೇಬೆಣಕಲ್ಲಿನ ಕಲ್ಲುಮನೆಗಳನ್ನು ಕಟ್ಟಿದವರು ಮೋರೇರು ಎಂಬ ಕುಳ್ಳರಂತೆ. ಪರೀಕ್ಷೆಯಲ್ಲಿ ಹಾಗೆ ಬರೆದರೆ ಅಂಕ ಕೊಡುತ್ತಾರೆಯೇ?

ಕೊಡುವುದಿಲ್ಲ. ಆದರೆ ಆ ಕಥೆಯನ್ನು ಮರೆಯಲೂಬೇಡಿ. ಗಂಗಾವತಿ ತಾಲ್ಲೂಕಿನ ಆ ಗುಡ್ಡದ ಮೇಲೆ ದೊಡ್ಡ ಚಪ್ಪಡಿಗಳನ್ನು ನಿಲ್ಲಿಸಿ ಮೇಲೊಂದು ಚಪ್ಪಡಿ ಹೊದಿಸಿದ ನೂರಾರು ರಚನೆಗಳಿವೆ. ಕೆಲವಕ್ಕೆ ದುಂಡನೆಯ ಕಿಂಡಿಯೂ ಉಂಟು. ನೋಡಿದರೆ ಸಣ್ಣ ಮನೆಯಂತೆಯೇ ಕಾಣುತ್ತವೆ. ಇಷ್ಟು ಸಣ್ಣ ಮನೆಯಲ್ಲಿ ಯಾರಿದ್ದರು ಅಂತ ಊರಿನವರು ಯೋಚಿಸಿ ಕುಳ್ಳರ ಕಥೆ ಹೆಣೆದರು. ಪುರಾತತ್ವ ಶಾಸ್ತ್ರಜ್ಞರು ಇವುಗಳನ್ನು ಬೃಹತ್ ಶಿಲಾಯುಗದ ಜನ ಸತ್ತವರ ನೆನಪಿಗೆ ನಿಲ್ಲಿಸಿದ ಸ್ಮಾರಕಗಳು ಎನ್ನುತ್ತಾರೆ. ಎರಡು ಸಾವಿರ ವರ್ಷಕ್ಕೂ ಹಿಂದಿನವು. ಉತ್ತರ ಪತ್ರಿಕೆಯಲ್ಲಿ ಎರಡನೆಯದನ್ನು ಬರೆಯಿರಿ. ಸ್ಥಳೀಯ ಇತಿಹಾಸದ ಪ್ರಾಜೆಕ್ಟ್ ಇದ್ದರೆ ಎರಡನ್ನೂ ಬರೆದು, ಯಾವುದಕ್ಕೆ ಏನು ಆಧಾರ ಎಂಬ ಒಂದು ಸಾಲು ಸೇರಿಸಿ.

‘ಕಾರಣಗಳನ್ನು ವಿವರಿಸಿ’ ಎಂಬ ಪ್ರಶ್ನೆಗೆ ಏನು ಬರೆಯಬೇಕು?

ಹೆಚ್ಚಿನ ಮಕ್ಕಳು ಕಾರಣ ಕೇಳಿದರೆ ಕಥೆ ಬರೆಯುತ್ತಾರೆ. ಯುದ್ಧ ಯಾಕೆ ಆಯಿತು ಅಂದರೆ ಹೇಗೆ ಆಯಿತು ಅಂತ ಹೇಳುತ್ತಾರೆ. ನಾವು ರಾಯಚೂರು ದೋಆಬನ್ನೇ ತೆಗೆದುಕೊಂಡು ಅಭ್ಯಾಸ ಮಾಡಿಸುತ್ತೇವೆ. ನೆಲದ ಮೇಲೆ ಕೃಷ್ಣೆ ಒಂದು ಗೆರೆ, ತುಂಗಭದ್ರೆ ಒಂದು ಗೆರೆ. ನಡುವಿನ ನೆಲಕ್ಕಾಗಿ ಬಹಮನಿಗಳೂ ವಿಜಯನಗರದವರೂ ತಲೆತಲಾಂತರ ಕಾದಾಡಿದರು. ಯಾಕೆ? ‘ಎರೆಹೊಲ ರೀ’ ಅನ್ನುತ್ತಾನೆ ಒಬ್ಬ ರೈತನ ಮಗ. ಸರಿ, ಒಂದು ಕಾರಣ. ‘ಕೋಟಿ’, ಅಂದರೆ ಕೋಟೆ, ಅನ್ನುತ್ತಾಳೆ ಇನ್ನೊಬ್ಬಳು. ರಾಯಚೂರು, ಮುದಗಲ್ಲು ಯಾರ ಕೈಯಲ್ಲಿವೆಯೋ ದಾರಿ ಅವರ ಕೈಯಲ್ಲಿ, ಎರಡನೆಯ ಕಾರಣ. ಹಟ್ಟಿ ಚಿನ್ನದ ಗಣಿಯಲ್ಲಿ ಕೆಲಸ ಮಾಡುವವರ ಮನೆಯ ಹುಡುಗ ಚಿನ್ನದ ನೆಲ ಅಂತ ನೆನಪಿಸುತ್ತಾನೆ. ಆಮೇಲೆ ಎರಡು ಬಲವಾದ ರಾಜ್ಯಗಳ ಗಡಿ ಎಂಬುದು ತಾನೇ ಹೊರಬರುತ್ತದೆ. ಒಂದೊಂದಕ್ಕೆ ಎರಡು ಸಾಲು ಬರೆದರೆ ನಾಲ್ಕು ಅಂಕದ ಉತ್ತರ ಮುಗಿಯಿತು. 1520ರಲ್ಲಿ ಕೃಷ್ಣದೇವರಾಯ ಇಸ್ಮಾಯಿಲ್ ಆದಿಲ್ ಶಾನನ್ನು ಸೋಲಿಸಿದ, ರಾಯನ ಪಡೆಯಲ್ಲಿ ಪೋರ್ಚುಗೀಸ್ ಬಂದೂಕುಗಾರರೂ ಇದ್ದರು ಎಂಬುದು ‘ಹೇಗೆ’ಗೆ ಸೇರಿದ್ದು. ಕೇಳಿದಾಗ ಮಾತ್ರ ಬರೆಯಿರಿ.

ಹಳಗನ್ನಡ ಪದ್ಯ ಓದಿದರೆ ಬೇರೆ ಭಾಷೆಯಂತೆ ಕಾಣುತ್ತದೆ. ಏನು ಮಾಡಲಿ?

ಮೊದಲು ಗಟ್ಟಿಯಾಗಿ ಓದು, ಅರ್ಥ ಆಮೇಲೆ. ಪದ್ಯವನ್ನು ಬರೀ ಕಣ್ಣಲ್ಲಿ ಓದಿದರೆ ಹಳಗನ್ನಡ ಬಾಗಿಲು ತೆಗೆಯುವುದಿಲ್ಲ. ಎರಡು ಮೂರು ಸಲ ಉಸಿರು ಹಿಡಿದು ಬಿಟ್ಟು ಓದಿದರೆ ಪದ ಎಲ್ಲಿ ಒಡೆಯುತ್ತದೆ ಅಂತ ಕಿವಿಗೆ ಗೊತ್ತಾಗುತ್ತದೆ.

ಆಮೇಲೆ ಒಂದು ಕೀಲಿಕೈ ಕೊಡುತ್ತೇವೆ. ಪದದ ಮೊದಲಲ್ಲಿ ‘ಪ’ ಕಂಡರೆ ಅಲ್ಲಿ ‘ಹ’ ಇಟ್ಟು ನೋಡು. ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು, ಪೂ ಹೂವಾಯಿತು, ಪಳ್ಳಿ ಹಳ್ಳಿಯಾಯಿತು. ಎಲ್ಲ ಕಡೆ ನಡೆಯುವುದಿಲ್ಲ, ಆದರೂ ಹತ್ತರಲ್ಲಿ ಐದಾರು ಪದ ಬಿಚ್ಚಿಕೊಂಡರೆ ಉಳಿದದ್ದನ್ನು ಹುಡುಕುವ ಹುರುಪು ಬರುತ್ತದೆ.

ಇನ್ನೊಂದು ವಿಷಯ ನಮ್ಮ ಕಡೆಯ ಮಕ್ಕಳಿಗೆ ವಿಶೇಷವಾಗಿ ಹೇಳಬೇಕು. ಬೇಡ ಅನ್ನುವುದಕ್ಕೆ ನಮ್ಮ ಅಜ್ಜಿಯರು ‘ಒಲ್ಲೆ’ ಅನ್ನುತ್ತಾರಲ್ಲ, ಅದು ಹಳಗನ್ನಡದ ‘ಒಲ್ಲೆಂ’. ಬಟ್ಟೆಗೆ ಅನ್ನುವ ‘ಅರಿಬಿ’ ಹಳೆಯ ‘ಅರುವೆ’. ಊಟ ಮಾಡಿದೆ ಅನ್ನದೆ ‘ಉಂಡೆ’ ಅನ್ನುವುದೂ ಹಾಗೇ. ಪದ್ಯದ ಕೆಳಗೆ ಕೊಟ್ಟಿರುವ ಶಬ್ದಾರ್ಥಗಳಲ್ಲಿ ಎಷ್ಟೋ ಪದ ಮನೆಯಲ್ಲಿ ದಿನಾ ಕಿವಿಗೆ ಬೀಳುತ್ತಿರುತ್ತವೆ. ಅಜ್ಜಿಗೆ ಓದಿ ಹೇಳಿ. ಅಕ್ಷರ ಬಾರದ ಅಜ್ಜಿ ಅರ್ಥ ಹೇಳಿಕೊಟ್ಟ ಮೇಲೆ ಆ ಮಗು ಹಳಗನ್ನಡಕ್ಕೆ ಹೆದರಿದ್ದನ್ನು ನಾವು ನೋಡಿಲ್ಲ.

ಒಂಬತ್ತನೇ ಶತಮಾನದ ಕವಿರಾಜಮಾರ್ಗ ಕನ್ನಡದ ತಿರುಳು ಇರುವ ನಾಡು ಯಾವುದು ಅಂತ ಹೇಳುವಾಗ ನಾಲ್ಕು ಊರು ಹೆಸರಿಸುತ್ತದೆ: ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ. ಇಂದಿನ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ, ಬೆಳಗಾವಿ ಜಿಲ್ಲೆಯ ಒಕ್ಕುಂದ. ‘ನಮ್ಮ ಭಾಷಾ ಒರಟು’ ಅಂತ ತಲೆ ತಗ್ಗಿಸಿ ಕೂರುವ ಕೊಪ್ಪಳದ ಮಕ್ಕಳಿಗೆ ಇದನ್ನು ಪರೀಕ್ಷೆಗೆ ಬರಲಿ ಬಿಡಲಿ ಹೇಳಿಯೇ ಹೇಳುತ್ತೇವೆ.

ಮಗ ‘ಬಂದಾನ’, ‘ಮಾಡಾಕತ್ತಾನ’ ಅಂತಲೇ ಬರೆಯುತ್ತಾನೆ. ಅಂಕ ಹೋಗುತ್ತವೆ.

ಹೋಗುತ್ತವೆ, ಹಾಗಾಗಿ ‘ಬಂದಿದ್ದಾನೆ’, ‘ಮಾಡುತ್ತಿದ್ದಾನೆ’ ಕಲಿಸಬೇಕು. ಆದರೆ ‘ನೀನು ಆಡೋದು ತಪ್ಪು ಕನ್ನಡ’ ಅಂತ ಮಾತ್ರ ದಯವಿಟ್ಟು ಹೇಳಬೇಡಿ. ಹಾಗೆ ಹೇಳಿಸಿಕೊಂಡ ಮಗು ಬಾಯಿ ಮುಚ್ಚಿಕೊಳ್ಳುತ್ತದೆ, ಆಮೇಲೆ ಬರೆಯುವುದೂ ನಿಲ್ಲುತ್ತದೆ. ಮೊದಲು ತನ್ನ ಮಾತಿನಲ್ಲೇ ಪ್ರಬಂಧವನ್ನು ಪೂರ್ತಿ ಬರೆಯಲಿ. ಎರಡನೇ ಸಲ ಕ್ರಿಯಾಪದಗಳಿಗಷ್ಟೇ ಗೆರೆ ಎಳೆದು ಪುಸ್ತಕದ ರೂಪಕ್ಕೆ ತಿರುಗಿಸಲಿ. ಒಂದು ತಿಂಗಳಲ್ಲಿ ಕೈ ಕೂರುತ್ತದೆ. ಮನೆಯಲ್ಲಿ ತೆಲುಗು, ಉರ್ದು, ಲಂಬಾಣಿ ಮಾತಾಡುವ ಮಕ್ಕಳಿಗೂ ಇದೇ ದಾರಿ. ಅವರಿಗೆ ಇನ್ನಷ್ಟು ಹೊತ್ತು ಕೊಡಿ.

ಪ್ರಸ್ತಾರ ಹಾಕುವುದು ಎಷ್ಟು ಸಲ ಹೇಳಿಕೊಟ್ಟರೂ ತಲೆಗೆ ಹತ್ತುವುದಿಲ್ಲ.

ಪ್ರಸ್ತಾರ ಅಂದರೆ ಅಕ್ಷರಗಳನ್ನು ಲಘು, ಗುರು ಅಂತ ಗುರುತಿಸುವುದು. ಪದ್ಯ ಬಿಡಿ, ಊರ ಹೆಸರಿಂದ ಶುರು ಮಾಡಿ. ಹ್ರಸ್ವ ಅಕ್ಷರ ಲಘು, ಒಂದು ಮಾತ್ರೆ. ದೀರ್ಘಾಕ್ಷರ, ಅನುಸ್ವಾರ ಇರುವ ಅಕ್ಷರ, ಒತ್ತಕ್ಷರದ ಹಿಂದಿನ ಅಕ್ಷರ ಇವೆಲ್ಲ ಗುರು, ಎರಡು ಮಾತ್ರೆ. ಈಗ ‘ಕೊಪ್ಪಳ’: ‘ಕೊ’ ಹ್ರಸ್ವವಾದರೂ ಮುಂದೆ ‘ಪ್ಪ’ ಇರುವುದರಿಂದ ಗುರು, ‘ಪ್ಪ’ ಲಘು, ‘ಳ’ ಲಘು. ಒಟ್ಟು ನಾಲ್ಕು. ‘ಬಳ್ಳಾರಿ’: ಗುರು, ಗುರು, ಲಘು. ಐದು. ‘ರಾಯಚೂರು’: ಗುರು, ಲಘು, ಗುರು, ಲಘು. ಆರು. ‘ಮಾನ್ವಿ’ ಮೂರು. ‘ತುಂಗಭದ್ರೆ’ಯಲ್ಲಿ ಹೆಚ್ಚಿನವರು ಎಡವುತ್ತಾರೆ. ‘ದ್ರೆ’ಯನ್ನು ಒತ್ತಕ್ಷರ ಅಂತ ಗುರು ಮಾಡಿಬಿಡುತ್ತಾರೆ. ಗುರು ಆಗುವುದು ಅದರ ಹಿಂದಿನ ‘ಭ’. ಹಾಗಾಗಿ ಗುರು, ಲಘು, ಗುರು, ಲಘು, ಮತ್ತೆ ಆರೇ.

ಮಕ್ಕಳು ತಮ್ಮ ಹೆಸರು, ಗೆಳೆಯರ ಹೆಸರು, ಬಸ್ಸಿನ ಬೋರ್ಡು ಎಲ್ಲಕ್ಕೂ ಪ್ರಸ್ತಾರ ಹಾಕುತ್ತಾರೆ. ನಾಲ್ಕು ದಿನ ಆಟವಾಡಿದ ಮೇಲೆ ಭಾಮಿನಿ ಷಟ್ಪದಿಗೆ ಬನ್ನಿ. 1, 2, 4, 5ನೇ ಸಾಲುಗಳಲ್ಲಿ ಮೂರು, ನಾಲ್ಕು, ಮೂರು, ನಾಲ್ಕು ಮಾತ್ರೆಯ ಗಣಗಳು, ಅಂದರೆ 14 ಮಾತ್ರೆ. 3 ಮತ್ತು 6ನೇ ಸಾಲಿನಲ್ಲಿ ಮೂರು-ನಾಲ್ಕರ ಜೋಡಿ ಮೂರು ಸಲ ಬಂದು ಕೊನೆಗೊಂದು ಗುರು, ಅಂದರೆ 23. ಪೂರ್ತಿ ಪದ್ಯಕ್ಕೆ ಎಷ್ಟು? ನಾಲ್ಕು ಹದಿನಾಲ್ಕಲೆ 56, ಎರಡು ಇಪ್ಪತ್ಮೂರಲೆ 46, ಕೂಡಿದರೆ 102. ಕುಮಾರವ್ಯಾಸ ಇಡೀ ಕಾವ್ಯವನ್ನು ಈ ಲೆಕ್ಕದಲ್ಲೇ ಬರೆದ ಅಂದರೆ ಗಣಿತದಲ್ಲಿ ಜಾಣರಾಗಿ ಕನ್ನಡ ಬೇಸರ ಅನ್ನುವ ಮಕ್ಕಳು ಕಿವಿ ನಿಮಿರಿಸುತ್ತಾರೆ.

ಕವಿ ಪರಿಚಯ ಒಂದೂ ನೆನಪಿರುವುದಿಲ್ಲ.

ಊರು ಹಿಡಿದುಕೊಳ್ಳಿ. ಆಯ್ದಕ್ಕಿ ಲಕ್ಕಮ್ಮ, ಮಾರಯ್ಯ ದಂಪತಿ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದವರು. ವಿಜಯದಾಸರು ಮಾನ್ವಿ ತಾಲ್ಲೂಕಿನ ಚೀಕಲಪರವಿಯವರು. ಹರಿಕಥಾಮೃತಸಾರ ಬರೆದ ಜಗನ್ನಾಥದಾಸರು ಮಾನ್ವಿಯವರು. ಸಿದ್ಧಯ್ಯ ಪುರಾಣಿಕರು ಕೊಪ್ಪಳ ಜಿಲ್ಲೆಯ ದ್ಯಾಂಪುರದವರು, ಕಾವ್ಯನಾಮ ಕಾವ್ಯಾನಂದ. ಊರಿನ ಜೊತೆ ಒಂದು ಘಟನೆ ಇದ್ದರೆ ಇನ್ನೂ ಒಳ್ಳೆಯದು. ಗಂಡ ಅಂಗಳದಲ್ಲಿ ಆಯ್ದು ತಂದ ಅಕ್ಕಿ ಅಂದಿನ ಅಗತ್ಯಕ್ಕಿಂತ ಹೆಚ್ಚಾಗಿದೆ, ಮರಳಿ ಸುರಿದು ಬಾ ಅಂದವಳು ಲಕ್ಕಮ್ಮ. ಇದನ್ನು ಕೇಳಿದ ಮಗು ‘ಆಯ್ದಕ್ಕಿ’ ಎಂಬ ಹೆಸರನ್ನು ಮರೆಯುವುದು ಕಷ್ಟ.

ಕೂಡಿಸು, ಕಳೆ ಎಲ್ಲ ಬರುತ್ತದೆ. ಹೇಳಿಕೆ ಲೆಕ್ಕ ಬಂದರೆ ಮಾತ್ರ ಕೈ ನಿಲ್ಲುತ್ತದೆ. ಯಾಕೆ?

ಆ ತೊಡಕು ಬಹಳ ಸಲ ಕನ್ನಡದ್ದು, ಗಣಿತದ್ದಲ್ಲ. ಲೆಕ್ಕವನ್ನು ಮಗು ತನ್ನ ಮಾತಿನಲ್ಲಿ ಇನ್ನೊಬ್ಬರಿಗೆ ಹೇಳಲಿ. ಸಂಖ್ಯೆ ಬಿಟ್ಟು ಬರೀ ಕಥೆ ಹೇಳಲಿ. ಏನು ಕೊಟ್ಟಿದ್ದಾರೆ, ಏನು ಕೇಳಿದ್ದಾರೆ ಅಂತ ಹೇಳಲು ಬಂದರೆ ಅರ್ಧ ಲೆಕ್ಕ ಆದಂತೆ.

ನಾವು ಹೊಳೆಯ ಲೆಕ್ಕಗಳನ್ನು ಬಹಳ ಮಾಡಿಸುತ್ತೇವೆ, ಯಾಕೆಂದರೆ ಮಳೆಗಾಲ ಬಂತೆಂದರೆ ನಮ್ಮ ಕಡೆ ಪ್ರತಿ ಮನೆಯಲ್ಲೂ ಡ್ಯಾಮಿನ ನೀರಿನ ಮಾತು. 1 ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ. 1 ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ. ದಿನಕ್ಕೆ 86,400 ಸೆಕೆಂಡು. ಒಂದು ದಿನದಲ್ಲಿ 1 ಟಿಎಂಸಿ ಹರಿಯಬೇಕಾದರೆ ಎಷ್ಟು ಕ್ಯೂಸೆಕ್ ಬೇಕು? ನೂರು ಕೋಟಿಯನ್ನು 86,400ರಿಂದ ಭಾಗಿಸಿದರೆ ಸುಮಾರು 11,574. ಈ ಒಂದು ಸಂಖ್ಯೆ ಗೊತ್ತಿದ್ದರೆ ದಿನಪತ್ರಿಕೆಯ ಒಳಹರಿವು ಹೊರಹರಿವು ಎಲ್ಲ ಅರ್ಥವಾಗುತ್ತದೆ. 1 ಲಕ್ಷ ಕ್ಯೂಸೆಕ್ ಬಿಟ್ಟರೆ ದಿನಕ್ಕೆ 8.64 ಟಿಎಂಸಿ. ತುಂಗಭದ್ರೆ ಜಲಾಶಯ ಕಟ್ಟಿದಾಗ ಹಿಡಿಯುತ್ತಿದ್ದದ್ದು 133 ಟಿಎಂಸಿ, ಹೂಳು ತುಂಬಿ ಈಗ ಸುಮಾರು 105. ಹಾಗಾದರೆ ಶೇಕಡಾ ಎಷ್ಟು ಹೋಯಿತು? 133ರಲ್ಲಿ 28, ಅಂದರೆ 21ರಷ್ಟು. ಶೇಕಡಾವಾರು ಅಧ್ಯಾಯಕ್ಕೆ ಇದಕ್ಕಿಂತ ಒಳ್ಳೆಯ ಲೆಕ್ಕ ನಮಗೆ ಸಿಕ್ಕಿಲ್ಲ.

2024ರ ಆಗಸ್ಟ್ 10ರ ರಾತ್ರಿ 33 ಗೇಟುಗಳಲ್ಲಿ 19ನೆಯದರ ಸರಪಳಿ ಕಡಿದು ಗೇಟು ಕೊಚ್ಚಿಹೋದಾಗ ಮಕ್ಕಳು ದಿನಾ ಸಂಜೆ ಬಂದು ‘ಇವತ್ತು ಎಷ್ಟು ಟಿಎಂಸಿ ಹೋತು’ ಅಂತ ತಾವೇ ಲೆಕ್ಕ ಹಾಕುತ್ತಿದ್ದರು. ಅವರ ಅಪ್ಪಂದಿರ ಎರಡನೇ ಬೆಳೆಯ ಮಾತು ಅದು. ಆ ವಾರ ಯಾರೂ ಗಣಿತ ಕಷ್ಟ ಅನ್ನಲಿಲ್ಲ.

ಭಿನ್ನರಾಶಿ ಭಾಗಾಕಾರದಲ್ಲಿ ತಿರುಗಿಸಿ ಗುಣಿಸುವುದು ಯಾಕೆ?

ಅಡುಗೆಮನೆಗೆ ಹೋಗಿ. ಒಂದೂವರೆ ಸೇರು ಜೋಳ ಇದೆ, ಪಾವಿನಲ್ಲಿ ಅಳೆದರೆ ಎಷ್ಟು ಪಾವು? ಯಾವ ಮಗುವಾದರೂ ಆರು ಅನ್ನುತ್ತದೆ. ಪಾವು ಅಂದರೆ ಸೇರಿನ ಕಾಲು ಭಾಗ. ನೀನು ಮಾಡಿದ್ದು ಒಂದೂವರೆಯನ್ನು ಕಾಲರಿಂದ ಭಾಗಿಸುವುದು. ಒಂದು ಸೇರಿಗೆ ನಾಲ್ಕು ಪಾವು, ಅದಕ್ಕೇ ನಾಲ್ಕರಿಂದ ಗುಣಿಸಿದೆ. ತಿರುಗಿಸುವುದು ಅಂದರೆ ಇಷ್ಟೇ. ಸಂತೆಯಲ್ಲಿ ಅರ್ಧ, ಕಾಲು, ಮುಕ್ಕಾಲು ಎಲ್ಲವನ್ನೂ ಬಾಯಲ್ಲೇ ಲೆಕ್ಕ ಹಾಕುವ ಮಕ್ಕಳಿಗೆ ಪುಸ್ತಕದ ಅಡ್ಡಗೆರೆ ಕಂಡರೆ ಭಯ. ಎರಡೂ ಒಂದೇ ಅಂತ ತೋರಿಸುವುದಷ್ಟೇ ನಮ್ಮ ಕೆಲಸ.

ಮೈನಸ್ ಇಂಟು ಮೈನಸ್ ಪ್ಲಸ್ ಹೇಗೆ?

ಅಂಗಡಿಯ ಖಾತೆಯಲ್ಲಿ ನಿನ್ನ ಹೆಸರಿಗೆ 200 ರೂಪಾಯಿಯ ಮೂರು ಸಾಲ ಬರೆದಿದ್ದಾರೆ. ಅಂಗಡಿಯವರು ಮೂರನ್ನೂ ಹೊಡೆದುಹಾಕಿದರು. ನಿನಗೆ 600 ಲಾಭ. ಮೂರು ಸಾಲ ತೆಗೆದದ್ದು −3, ಒಂದೊಂದು ಸಾಲ −200, ಗುಣಿಸಿದರೆ +600. ಇನ್ನೂ ಒಪ್ಪದ ಮಗುವಿಗೆ ಮಗ್ಗಿ ಬರೆಸಿ: 2 × −2 = −4, 1 × −2 = −2, 0 × −2 = 0. ಪ್ರತಿ ಸಲ ಎರಡು ಏರುತ್ತಿದೆ. ಮುಂದಿನದು −1 × −2. ಅದೇ ತಾನಾಗಿ 2 ಅಂತ ಬರೆಯುತ್ತದೆ.

ಇಂಗ್ಲಿಷ್ ಮೀಡಿಯಂ ಮಕ್ಕಳಿಗೆ ಕನ್ನಡದಲ್ಲಿ ಹೇಳಿದರೆ ಗೊಂದಲವಾಗುವುದಿಲ್ಲವೇ?

ಎರಡೂ ಹೆಸರು ಹೇಳುತ್ತೇವೆ. ಲಸಾಅ ಅಂದರೆ ಎಲ್‌ಸಿಎಂ, ವರ್ಗಮೂಲ ಅಂದರೆ ಸ್ಕ್ವೇರ್ ರೂಟ್. ತಿಳಿಯುವುದು ಕನ್ನಡದಲ್ಲಿ, ಬರೆಯುವುದು ಸಾಲಿಯ ಭಾಷೆಯಲ್ಲಿ. ಗೊಂದಲವಾದದ್ದನ್ನು ಕಂಡಿಲ್ಲ.

ಗುಳೆ ಹೋಗಿ ಬಂದ ಮಗು. ನಾಲ್ಕು ತಿಂಗಳ ಪಾಠ ತಪ್ಪಿದೆ. ಎಲ್ಲಿಂದ ಶುರು ಮಾಡುವುದು?

ಇಂದಿನ ಹೋಂವರ್ಕಿನಿಂದಲೇ ಶುರು ಮಾಡಿ, ಅದು ಎಲ್ಲಿ ನಿಲ್ಲುತ್ತದೋ ಅಲ್ಲಿಂದ ಹಿಂದಕ್ಕೆ ಹೋಗುತ್ತೇವೆ. ಎಂಟನೇ ತರಗತಿಯ ಒಬ್ಬ ಹುಡುಗನಿಗೆ ಬೀಜಗಣಿತ ಬರುವುದಿಲ್ಲ ಅಂತ ಎಲ್ಲರೂ ಹೇಳುತ್ತಿದ್ದರು. ಹಿಂದಕ್ಕೆ ಹೋಗುತ್ತಾ ನೋಡಿದರೆ ನಾಲ್ಕನೇ ತರಗತಿಯಲ್ಲಿ ಸ್ಥಾನಬೆಲೆ ಕಲಿಸುವಾಗ ಅವನು ಕಟ್ಟಡದ ಕೆಲಸದ ಹತ್ತಿರ ಶೆಡ್ಡಿನಲ್ಲಿದ್ದ. ಮೂರು ವಾರ ಸ್ಥಾನಬೆಲೆ, ದಶಮಾಂಶ ಮಾಡಿದ ಮೇಲೆ ಬೀಜಗಣಿತ ಸರಾಗವಾಯಿತು. ಆ ಮೂರು ವಾರ ಹೋಂವರ್ಕ್ ಪೂರ್ತಿ ಆಗುವುದಿಲ್ಲ ಅಂತ ಅವನ ಮಾಸ್ತರಿಗೆ ಒಂದು ಚೀಟಿ ಬರೆದು ಕಳಿಸಿದೆವು. ಅವರು ಒಪ್ಪಿದರು. ಹೆಚ್ಚಿನ ಶಿಕ್ಷಕರು ಒಪ್ಪುತ್ತಾರೆ, ಕೇಳಬೇಕು.

ನಮಗೆ ಓದು ಬರಹ ಬಾರದು. ಮನೆಯಲ್ಲಿ ನಾವೇನು ಮಾಡಬಹುದು?

ಬಹಳ ಮಾಡಬಹುದು. ರೊಟ್ಟಿ ಬಡಿಯುವಾಗ ಮಗುವನ್ನು ಹತ್ತಿರ ಕೂರಿಸಿಕೊಂಡು ‘ಇವತ್ತಿನ ಪಾಠ ನನಗ ಹೇಳು’ ಅನ್ನಿ. ಅರ್ಥವಾಗದಿದ್ದರೆ ‘ನನಗ ತಿಳೀಲಿಲ್ಲ, ಇನ್ನೊಮ್ಮೆ ಹೇಳು’ ಅನ್ನಿ. ಅಮ್ಮನಿಗೆ ತಿಳಿಯುವಂತೆ ಹೇಳಲು ಹೋಗಿ ಮಗುವಿಗೇ ಪಾಠ ತಿಳಿಯುತ್ತದೆ. ದಿನಕ್ಕೆ ಅರ್ಧ ಗಂಟೆ ಟಿವಿ ಆರಿಸಿಡಿ. ಹತ್ತಿ ಬಿಡಿಸುವ ಕಾಲದಲ್ಲಿ, ಭತ್ತ ಕೊಯ್ಯುವ ಕಾಲದಲ್ಲಿ ಮಗುವನ್ನು ಹೊಲಕ್ಕೆ ಕರೆದೊಯ್ಯದೆ ಸಾಲಿಗೆ ಕಳಿಸಿ. ಕೂಲಿಯ ಲೆಕ್ಕ ನಮಗೂ ಗೊತ್ತು, ಆದರೂ ಕೇಳಿಕೊಳ್ಳುತ್ತೇವೆ.

ಫೋನಿನಲ್ಲಿ ಕೇಳಿದರೆ ಎಲ್ಲ ಉತ್ತರ ಸಿಗುತ್ತದೆ. ಅದನ್ನು ಬಳಸಬಹುದೇ?

ಬಳಸಿ, ನಕಲು ಮಾಡಬೇಡಿ. ಫೋನು ಹೇಳಿದ ಇಸವಿಯನ್ನು ಪಠ್ಯಪುಸ್ತಕದ ಜೊತೆ ಹೋಲಿಸಿ. ನಮ್ಮ ಕಡೆಯ ಊರು, ಶಾಸನ, ಕವಿಗಳ ವಿಷಯದಲ್ಲಿ ಅದು ತಪ್ಪಿದ್ದನ್ನು ಹಲವು ಸಲ ಕಂಡಿದ್ದೇವೆ. ಲೆಕ್ಕದ ಹಂತಗಳನ್ನು ಫೋನಿನಲ್ಲಿ ನೋಡಿದ ಮೇಲೆ ಅದನ್ನು ಮುಚ್ಚಿಟ್ಟು ಸಂಖ್ಯೆ ಬದಲಿಸಿ ಅದೇ ಲೆಕ್ಕ ಮಾಡಿ. ಬಂದರೆ ಕಲಿತಂತೆ. ಪುಸ್ತಕ ಕಳೆದುಹೋದವರಿಗೆ ರಾಜ್ಯದ ಪಠ್ಯಪುಸ್ತಕಗಳು ಫೋನಿನಲ್ಲಿ ಉಚಿತವಾಗಿ ಸಿಗುತ್ತವೆ, ಇಳಿಸಿಕೊಳ್ಳಲು ನಾವು ನೆರವಾಗುತ್ತೇವೆ.

ಬರುವಾಗ ಏನು ತರಬೇಕು?

ಪಠ್ಯಪುಸ್ತಕ, ನೋಟ್‌ಬುಕ್, ಪೆನ್ಸಿಲ್ಲು. ಗೈಡ್ ಮನೆಯಲ್ಲೇ ಇರಲಿ. ಕರೆಂಟು ಹೋಗುವುದುಂಟು, ಬ್ಯಾಟರಿ ಇದ್ದರೆ ತನ್ನಿ. ಎಂಟೂವರೆಗೆ ಬಾಗಿಲು ಹಾಕುತ್ತೇವೆ. ದೂರದ ಓಣಿಯ ಹೆಣ್ಣುಮಕ್ಕಳನ್ನು ನಮ್ಮಲ್ಲಿ ಒಬ್ಬರು ಮನೆತನಕ ಬಿಟ್ಟು ಬರುತ್ತಾರೆ.